ಹಡಗಿನವರ ಎದೆ

ಫೆಬ್ರವರಿ 11

ಊದುಕೊಳವೆಗಳ ಒಡತಿಯೂ, ಶ್ವಾಸಕೋಶ ಸಾಮ್ರಾಜ್ಯದ ಪಟ್ಟದರಸಿಯೂ, ನನ್ನ ಒಬ್ಬಳೇ ಅಕ್ಕನೂ ಆದ ನಿನ್ನ ಸನ್ನಿಧಾನಕ್ಕೆ,

ಈ ಬಡ ತಮ್ಮ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಳೆದ ಮಂಗಳವಾರ ನಾನು ಎರಡು ನಿಮಿಷ ರೋಗಿಯಾಗಿದ್ದೆ. ಆಮೇಲೆ ಪೂರ್ತಿ ಗುಣವಾದೆ. ಔಷಧವಿಲ್ಲ, ಪಥ್ಯವಿಲ್ಲ. ಒಂದು ಗುಂಡಿ ಒತ್ತಿದರು, ಅಷ್ಟೆ. ನಿನ್ನ ದೊಡ್ಡಾಸ್ಪತ್ರೆಯಲ್ಲಿ ಇಂಥ ಪವಾಡ ಯಾವತ್ತಾದರೂ ಆಗಿದೆಯೇ?

ವರ್ಷಕ್ಕೊಮ್ಮೆ ನಮ್ಮ ಕಲ್ಲಿನ ಕಾರ್ಖಾನೆಯ ಅಂಗಳಕ್ಕೆ ಎದೆ ಪರೀಕ್ಷೆಯ ವ್ಯಾನು ಬರುತ್ತದೆ. ಸಾಲಾಗಿ ನಿಲ್ಲಬೇಕು. ಒಳಗೆ ಕೂತ ಪುಣ್ಯಾತ್ಮ ತಲೆಯೆತ್ತದೆ ಕೇಳುತ್ತಾನೆ: ಹೆಸರು, ವಯಸ್ಸು, ಎತ್ತರ, ಜನಾಂಗ. ಮೂಗಿಗೆ ಕ್ಲಿಪ್ಪು ಹಾಕಿ, ಕೊಳವೆ ಬಾಯಿಗಿಟ್ಟು, "ಊದು ಊದು ಊದು, ಇನ್ನೂ ಇನ್ನೂ ಇನ್ನೂ" ಎಂದು ಹೆರಿಗೆ ಮಾಡಿಸುವವನ ಹಾಗೆ ಕೂಗುತ್ತಾನೆ. ನೀನೂ ದಿನವಿಡೀ ಇದನ್ನೇ ಕೂಗುತ್ತೀಯೆಂದು ನೆನೆದು ನನಗೆ ಕರುಣೆ ಉಕ್ಕಿತು.

ಪ್ಯಾಕಿಂಗ್ ವಿಭಾಗದ ಗಡ್ಡ ನನ್ನ ಹಿಂದೆ ನಿಂತಿದ್ದ. ಅವನು ಊರಿನವನು, ಸುಣ್ಣದ ಗೋಡೆಯ ಬಣ್ಣ. ನಾನೋ, ಯಾವ ಕಾಲದಲ್ಲೋ ಅಪ್ಪನ ಮುತ್ತಾತಂದಿರನ್ನು ಹಡಗಿನಲ್ಲಿ ತುಂಬಿಕೊಂಡು ಬಂದ ಕಾರಣ, ಇಂದಿಗೂ ಹಡಗಿನವನು. "ಜನಾಂಗ ಬದಲಾಯಿಸಿಕೊಳ್ಳೋಣವಾ?" ಎಂದೆ. "ಕೊಡು," ಎಂದ, ಬೀಡಿ ಕೇಳುವವನ ಹಾಗೆ. ಒಳಗೆ ಹೋಗಿ ಗಂಭೀರವಾಗಿ "ಊರಿನವನು" ಎಂದೆ. ಊದಿದೆ. ಪುಣ್ಯಾತ್ಮ ಬೆಚ್ಚಿ ಬಿದ್ದು, "ಏನ್ರೀ ಇದು, ನಿಮಗೆ ರೋಗ ಇದೆ, ಗೊತ್ತಾ?" ಎಂದು ಮೊದಲ ಸಲ ತಲೆಯೆತ್ತಿದ. ನನ್ನ ಮುಖ ನೋಡಿದ. "ಥೂ, ಹಡಗಿನವನೇ! ಆಟ ಆಡ್ತೀಯಾ?" ಎಂದವನೇ ಗುಂಡಿ ಒತ್ತಿದ. ರೋಗ ಮಾಯ.

ಪುಣ್ಯಾತ್ಮ ಮತ್ತೆ ತಲೆ ತಗ್ಗಿಸಿದ ಮೇಲೆ ಹಡಗಿನವನೆಂದು ಊದಿದ ಗಡ್ಡನಿಗೆ ಎತ್ತಿನಂಥ ಶ್ವಾಸಕೋಶವಿದೆಯೆಂದು ಬಂತು. ಆ ಲೆಕ್ಕವನ್ನು ಇಳಿಸಿಕೊಳ್ಳಲು ಅವನು ಒಪ್ಪುತ್ತಿಲ್ಲ.

ಕೆಮ್ಮು ಸ್ವಲ್ಪ ಇದೆ. ಕಾರ್ಖಾನೆಯಲ್ಲಿ ಯಾರಿಗಿಲ್ಲ?

ಇಂತಿ,
ಎರಡು ನಿಮಿಷ ಊರಿನವನಾಗಿದ್ದ ನಿನ್ನ ತಮ್ಮ


ಫೆಬ್ರವರಿ 20

ಕೋತಿಗೆ,

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಓದಿದೆ. ಮೊದಲ ಪುಟಕ್ಕೆ ನಕ್ಕೆ. ಆಮೇಲೆ ಊಟ ಸೇರಲಿಲ್ಲ.

ಕೇಳು. ಯಂತ್ರಕ್ಕೆ ನಿನ್ನ ಪರಿಚಯವಿಲ್ಲ. ನಿನ್ನಂಥವನು ಎಷ್ಟು ಊದಬೇಕಿತ್ತು ಎಂದು ಅದು ಮೊದಲು ಲೆಕ್ಕ ಹಾಕುತ್ತದೆ, ಆಮೇಲೆ ನೀನು ಊದಿದ್ದನ್ನು ಅದರ ಪಕ್ಕ ಇಟ್ಟು ನೋಡುತ್ತದೆ. ಹಡಗಿನವನು ಎಂದು ಒತ್ತಿದರೆ ಆ ಊದಬೇಕಿದ್ದ ಲೆಕ್ಕದಲ್ಲೇ ನೂರಕ್ಕೆ ಹದಿನೈದು ಕಳೆದುಬಿಡುತ್ತದೆ. ಹಡಗಿನವರ ಎದೆ ಹುಟ್ಟಾ ಸಣ್ಣದು ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ. ನೀನು ಊದಿದ ಗಾಳಿ ಒಂದೇ. ಆ ಗಾಳಿಗೆ ಊರಿನವನಾಗಿದ್ದರೆ ರೋಗಿ, ಹಡಗಿನವನಾಗಿದ್ದರೆ ಕಲ್ಲುಗುಂಡು.

ಹಿಂದೆ ಯಾರೋ ಬಂದರಿನಲ್ಲೂ ಗಣಿಯಲ್ಲೂ ದುಡಿಯುತ್ತಿದ್ದ ಹಡಗಿನವರನ್ನು ನಿಲ್ಲಿಸಿ ಊದಿಸಿದರಂತೆ. ಕಡಿಮೆ ಬಂತು. ಧೂಳಿನಿಂದಲೋ ಹಸಿವಿನಿಂದಲೋ ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಹುಟ್ಟಿನಿಂದ ಎಂದು ಬರೆದರು. ಜನಾಂಗ ಅನ್ನುವುದು ರಕ್ತದಲ್ಲೆಲ್ಲೂ ಇಲ್ಲ ಕಣೋ. ಇರುವುದು ಆ ಗುಂಡಿಯಲ್ಲಿ. ನಾನೂ ದಿನಾ ಒತ್ತುತ್ತೇನೆ. ಒತ್ತದಿದ್ದರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ.

ಆ ಎರಡು ನಿಮಿಷವೇ ನಿಜ. ಉಳಿದದ್ದು ತಮಾಷೆ.

ನಮ್ಮ ಆಸ್ಪತ್ರೆಯ ಎದೆ ಮಂಡಳಿ "ಇವನಿಗೆ ಧೂಳು ಕೂಡದು" ಎಂದು ಬರೆದುಕೊಟ್ಟರೆ ಕಂಪನಿಯವರು ಬೇರೆ ಕೆಲಸ ಕೊಡಲೇಬೇಕು, ಔಷಧವೂ ಅವರದೇ. ನೀನಾಗಿಯೇ ಬಿಟ್ಟು ಬಂದರೆ ಎರಡೂ ಇಲ್ಲ. ರಜೆ ಹಾಕಿ ಬಾ. ಬಂದು ಊರಿನವನು ಎಂದು ಬರೆಸು. ಸುಳ್ಳೇನಲ್ಲ, ನಿನ್ನಲ್ಲಿ ಊರಿನವಳಾದ ಅಮ್ಮನೂ ಇದ್ದಾಳಲ್ಲ. ನಾನು ಅದೇ ಹೊಟ್ಟೆಯಿಂದ ಬಂದು ಊರಿನವಳೆಂದೇ ಓಡಾಡುತ್ತಿಲ್ಲವೇ?

ಮಹಡಿ ಹತ್ತಿದರೆ ಏದುಸಿರು ಬರುತ್ತದೆಯೇ? ನಿಜ ಬರೆ. ಒಂದು ಸಲವಾದರೂ.

ನಿನ್ನ
ಅಕ್ಕ


ಮಾರ್ಚ್ 9

ಪರಮಜ್ಞಾನಿ ಅಕ್ಕನಿಗೆ,

ನಿನ್ನ ತೀರ್ಪನ್ನು ನಮ್ಮ ಮೇಸ್ತ್ರಿಯ ಮುಂದಿಟ್ಟೆ. ನಮ್ಮಲ್ಲಿ ಅಡುಗೆಮನೆ ಕಟ್ಟೆಯ ಕಲ್ಲನ್ನು ನೀರಿಲ್ಲದೆ ಕೊಯ್ಯುವ ಕೆಲಸ ಹಡಗಿನವರಿಗೇ ಮೀಸಲು. ಯಾಕೆ ಎಂದು ಕೇಳಿದರೆ ಮೇಸ್ತ್ರಿ ಹೇಳುವುದು ಹೀಗೆ: "ನಿಮ್ಮವರ ಎದೆ ಕಬ್ಬಿಣ ಕಣಯ್ಯ, ಹುಟ್ಟಾ. ಊರಿನವರನ್ನು ನಿಲ್ಲಿಸಿದರೆ ವಾರದೊಳಗೆ ಮಲಗಿಬಿಡ್ತಾರೆ."

ಆದ್ದರಿಂದ ಘನ ನ್ಯಾಯಪೀಠವು ಗಮನಿಸಬೇಕು: ಆರೋಪಿಯ ಎದೆ ಕೆಲಸದ ಹೊತ್ತಿನಲ್ಲಿ ಹುಟ್ಟಾ ಕಬ್ಬಿಣ. ವ್ಯಾನಿನ ಮೆಟ್ಟಿಲು ಹತ್ತಿದ ಕ್ಷಣ ಹುಟ್ಟಾ ಸಣ್ಣದು. ಇಳಿದರೆ ಮತ್ತೆ ಕಬ್ಬಿಣ. ಇಂಥ ಎದೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಟಿಕೆಟ್ ಹಚ್ಚಿ ತೋರಿಸಬೇಕು.

ಭಾನುವಾರ ಮನೆಗೆ ಹೋಗಿ ಅಪ್ಪನ ಮುಂದೂ ಇಟ್ಟೆ.

"ಅಪ್ಪ, ನಾನು ಊರಿನವನಾಗಲಾ?"

"ಆಗು. ಚರ್ಮ ಸುಲಿದು ಬಾಗಿಲಿಗೆ ನೇತುಹಾಕಿ ಹೋಗು."

"ಜನಾಂಗ ಅನ್ನೋದೇ ಇಲ್ಲ ಅಂತಾಳೆ ಅಕ್ಕ. ಮನುಷ್ಯರು ಕಟ್ಟಿಕೊಂಡಿದ್ದಂತೆ."

"ಅವಳಿಗಿಲ್ಲ ಬಿಡು. ಅವಳನ್ನ ಬಸ್ಸಿನ ಸೀಟಿನಿಂದ ಯಾರೂ ಎಬ್ಬಿಸಿಲ್ಲ." ಆಮೇಲೆ, "ನಮ್ಮದು ರಕ್ತ ಕಣೋ. ರಕ್ತದಲ್ಲಿ ಬಂದದ್ದನ್ನ ಕಾಗದದಲ್ಲಿ ಅಳಿಸೋಕೆ ಆಗಲ್ಲ. ನಮ್ಮಪ್ಪ ಅಳಿಸಲಿಲ್ಲ, ನಾನೂ ಅಳಿಸಲಿಲ್ಲ," ಎಂದ.

ಒಳಗಿನಿಂದ ಅಮ್ಮ: "ಆ ರಕ್ತವನ್ನ ಹೊಟ್ಟೆಯಲ್ಲಿಟ್ಟುಕೊಂಡವಳು ನಾನು. ನನ್ನನ್ನೊಂದು ಮಾತು ಕೇಳ್ರೋ."

ಯಾರೂ ಕೇಳಲಿಲ್ಲ.

ಅಕ್ಕ, ನಮ್ಮಿಬ್ಬರ ಮಧ್ಯೆ ಇರುವುದು ಬರೀ ಇಬ್ಬರು ಗುಮಾಸ್ತರು ಎಂದು ನನಗೂ ಗೊತ್ತು. ನೀನು ಹುಟ್ಟಿದಾಗ ಒಬ್ಬ ತೊಟ್ಟಿಲಿಗೆ ಇಣುಕಿ ಊರಿನವಳು ಎಂದು ಗೀಚಿದ, ನಾನು ಹುಟ್ಟಿದಾಗ ಇನ್ನೊಬ್ಬ ಇಣುಕಿ ಹಡಗಿನವನು ಎಂದ. ಜನ ಕಟ್ಟಿದ್ದೇ, ಒಪ್ಪಿದೆ. ಆದರೆ ಮನೆಯನ್ನೂ ಜನರೇ ಕಟ್ಟಿದ್ದು. ಮೇಲೆ ಬಿದ್ದರೆ ತಲೆ ಒಡೆಯುವುದಿಲ್ಲವೇ? ಅದರೊಳಗೇ ಹುಟ್ಟಿ ಬೆಳೆದವನಿಗೆ ಅದು ಮನೆಯೂ ಹೌದಲ್ಲವೇ? ಅಪ್ಪನ ಭಾಷೆ ನನಗೆ ಬರುತ್ತದೆ, ನಿನಗೆ ಬರುವುದಿಲ್ಲ. ಅಪ್ಪನ ಜನ ಹಾಡುವಾಗ ಎಲ್ಲಿ ನಿಲ್ಲಿಸಿ ನಗಬೇಕು ಎಂದು ನನಗೆ ಗೊತ್ತು. ಅದನ್ನು ಯಾವ ಗುಂಡಿಯೂ ಕೊಟ್ಟದ್ದಲ್ಲ. ರೋಗಿ ಅನ್ನಿಸಿಕೊಳ್ಳಲು ಅಪ್ಪನನ್ನು ಬಿಡಬೇಕು ಎಂದರೆ ನಾನು ಅಪ್ಪನ ಜೊತೆ ಆರೋಗ್ಯವಾಗಿಯೇ ಇರುತ್ತೇನೆ.

ಬರುತ್ತೇನೆ, ಊದುತ್ತೇನೆ. ಆದರೆ ಹಡಗಿನವನಾಗಿಯೇ.

ಮಹಡಿಯ ವಿಷಯ: ನಮ್ಮ ವಸತಿಯಲ್ಲಿ ಕೆಳಗಿನ ಕೋಣೆ ಕೇಳಿ ತೆಗೆದುಕೊಂಡಿದ್ದೇನೆ. ಗಾಳಿ ಚೆನ್ನಾಗಿದೆ ಎಂದು.

ಇಂತಿ,
ಕಬ್ಬಿಣದ ಎದೆಯ ತಮ್ಮ


ಏಪ್ರಿಲ್ 17

ತಮ್ಮನಿಗೆ,

ನೀನು ಬಸ್ಸು ಹತ್ತಿದ ಮೇಲೆ ನಡೆದದ್ದನ್ನು ಬರೆಯಬೇಕು. ನಗಬೇಡ. ನಕ್ಕರೂ ಮೆಲ್ಲಗೆ ನಗು, ಕಳೆದ ಸಲ ನಗು ಹೇಗೆ ಕೊನೆಯಾಯಿತೆಂದು ನಾನು ನೋಡಿದ್ದೇನೆ.

ಮಂಡಳಿ ನಿನ್ನನ್ನು "ಸರಿ ಇದ್ದಾನೆ" ಎಂದು ಬರೆಯಿತು. ನೀನು ಕೊಳವೆ ಬಾಯಿಂದ ತೆಗೆದು ಗೋಡೆ ಹಿಡಿದುಕೊಂಡದ್ದನ್ನು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ.

ನಾನು ಆ ಹಾಳೆ ಹಿಡಿದು ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದೆ. ಒಳ್ಳೆಯ ಮನುಷ್ಯ, ನನ್ನನ್ನು "ಏನಮ್ಮಾ" ಎಂದೇ ಕರೆಯುವುದು. "ಸರ್, ಇವನು ನನ್ನ ಒಡಹುಟ್ಟಿದವನು. ಅದೇ ಅಪ್ಪ, ಅದೇ ಅಮ್ಮ, ಅದೇ ಪಾತ್ರೆಯ ಊಟ. ನನಗೆ ಹದಿನೈದು ಕಳೆಯುವುದಿಲ್ಲ, ಅವನಿಗೆ ಯಾಕೆ ಕಳೆಯುತ್ತೀರಿ? ನಮ್ಮಿಬ್ಬರಲ್ಲಿ ಯಾರ ಶ್ವಾಸಕೋಶ ತಪ್ಪು?" ಎಂದೆ. ಅವರ ಎದುರಿಗೇ ನಾನೂ ಊದಿ ತೋರಿಸಿದೆ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ನೀವು ಹೇಳೋದು ಸರಿ ಇದೆಯಮ್ಮಾ. ಒಂದೇ ತಂದೆ ತಾಯಿಗೆ ಎರಡು ಜನಾಂಗದ ಮಕ್ಕಳು ಹೇಗಾಗ್ತಾರೆ? ದಾಖಲೆಯಲ್ಲಿ ತಪ್ಪಾಗಿದೆ. ಸರಿಪಡಿಸೋಣ," ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಕೈಮುಗಿದು ಬಂದೆ.

ಸರಿಪಡಿಸಿದರು. ನನ್ನದನ್ನು.

ಶುಕ್ರವಾರದಿಂದ ನಾನು ಹಡಗಿನವಳು. ಗುರುವಾರ ಇದ್ದ ಮುಖವೇ ಶುಕ್ರವಾರವೂ ಇತ್ತು, ಕನ್ನಡಿಯಲ್ಲಿ ನೋಡಿಕೊಂಡೆ. ನನ್ನ ಜೊತೆ ಕೆಲಸ ಮಾಡುವವಳು "ಅಯ್ಯೋ, ನೋಡಿದರೆ ಗೊತ್ತೇ ಆಗಲ್ವೇ ನಿನಗೆ!" ಎಂದು ಹೊಗಳಿದಳು. ಮರುದಿನ ತನ್ನ ಪರ್ಸನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಆರು ವರ್ಷದಿಂದ ಅದು ಮೇಜಿನ ಮೇಲೆ ಬಿದ್ದಿರುತ್ತಿತ್ತು.

ನನ್ನ ಎದೆ ಈಗ, ಯಂತ್ರದ ಪ್ರಕಾರ, ಅದ್ಭುತವಾಗಿದೆ.

ನಿನಗಾಗಿ ಹೋದೆ. ನಿನಗೇನೂ ತರಲಿಲ್ಲ.

ಅಕ್ಕ


ಮೇ 4

ಹಡಗಿನವರ ಕುಲಕ್ಕೆ ತಡವಾಗಿ ಬಂದ ಅಕ್ಕನಿಗೆ ಹಾರ್ದಿಕ ಸ್ವಾಗತ,

ಸದಸ್ಯತ್ವದ ನಿಯಮಗಳು: ಅಂಗಡಿಯಲ್ಲಿ ಕೈ ಜೇಬಿಗೆ ಹಾಕಬಾರದು. ಬ್ಯಾಂಕಿನಲ್ಲಿ ಓಡಬಾರದು. ಯಾರಾದರೂ "ನೀವು ನಿಮ್ಮವರ ಹಾಗಿಲ್ಲ" ಎಂದರೆ ಥ್ಯಾಂಕ್ಸ್ ಹೇಳಬೇಕು. ಬೈಗುಳಗಳನ್ನು ನಾನೇ ಖುದ್ದಾಗಿ ಕಲಿಸುತ್ತೇನೆ, ಒಟ್ಟು ನಾಲ್ಕು ಪಾಠ.

ಧೂಳಿಲ್ಲದ ಕೆಲಸ ಕೊಡಿ ಎಂದು ನಾನು ಕಂಪನಿಗೇ ಒಂದು ಅರ್ಜಿ ಹಾಕಿದ್ದೆ, ಕಂಪನಿ ಡಾಕ್ಟರು ಉತ್ತರ ಕೊಟ್ಟಿದ್ದಾರೆ. ತುಂಬ ಓದಿಕೊಂಡವರು. ರಕ್ತದ ಮಾತೆಲ್ಲ ಹಳೆಯದಾಯಿತು, ತಾವು ನಂಬುವುದಿಲ್ಲ ಎಂದಿದ್ದಾರೆ. ಅಲ್ಲಿಗೆ ಓದಿ ನಾನು ಚಪ್ಪಾಳೆ ತಟ್ಟಿದೆ. ಮುಂದಿನ ಸಾಲು: ಇದು ಸಂಸ್ಕೃತಿಯ ಪ್ರಶ್ನೆಯಂತೆ. ಹಡಗಿನವರ ಸಂಸ್ಕೃತಿಯಲ್ಲಿ ದೇಹದ ಬಗ್ಗೆ ಎಚ್ಚರ ಕಡಿಮೆಯಂತೆ, ಮುಖಗವಸು ಹಾಕುವ ಅಭ್ಯಾಸವಿಲ್ಲವಂತೆ, ಒಲೆಯ ಹೊಗೆಯಲ್ಲಿ ಕೂತು ಹಾಡುತ್ತಾರಂತೆ. ಕಾರ್ಖಾನೆಯಲ್ಲಿ ಮುಖಗವಸು ಕೊಟ್ಟೇ ಇಲ್ಲ ಎಂಬುದು ಬಹುಶಃ ಕಾರ್ಖಾನೆಯ ಸಂಸ್ಕೃತಿ.

ಅಪ್ಪ ಹೇಳುವ ರಕ್ತ, ಮೇಸ್ತ್ರಿ ಹೇಳುವ ಕಬ್ಬಿಣ, ನೀನು ಹೇಳುವ ಗುಂಡಿ, ಇವರು ಹೇಳುವ ಸಂಸ್ಕೃತಿ. ನಾಲ್ಕು ದಾರಿಯಲ್ಲಿ ಹೋದರೂ ಕೊನೆಗೆ ನಾನು ಅದೇ ಬ್ಲೇಡಿನ ಮುಂದೆ ನಿಂತಿರುತ್ತೇನೆ. ನನಗೆ ಈ ಚರ್ಚೆ ಸಾಕಾಗಿದೆ ಅಕ್ಕ. ಯಾವುದು ನಿಜವಾದರೂ ಸರಿ, ಸ್ವಲ್ಪ ಗಾಳಿ ಬೇಕು.

ನನ್ನ ಪಕ್ಕದ ಬ್ಲೇಡಿನಲ್ಲಿದ್ದ, ನಾವೆಲ್ಲ ಮಾವ ಎಂದು ಕರೆಯುವ, ನನಗೆ ಕೊಯ್ಯುವುದು ಕಲಿಸಿದವನು ಎರಡು ವಾರದಿಂದ ಬಂದಿಲ್ಲ. ಅವನ ಹಾಳೆಯಲ್ಲೂ "ಸರಿ ಇದ್ದಾನೆ" ಎಂದಿತ್ತು. ಸೋಮವಾರ ಅವನ ಮಗಳು ಬಂದು ಚಪ್ಪಲಿ ತೆಗೆದುಕೊಂಡು ಹೋದಳು.

ಇಷ್ಟು ಬರೆಯಲು ಮೂರು ಸಲ ಕೂತೆ. ಈಗ ಮಲಗುವುದಿಲ್ಲ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತೇನೆ. ರಾಜರು ಹಾಗೇ ಮಾಡುತ್ತಿದ್ದರೆಂದು ಗಡ್ಡನಿಗೆ ಹೇಳಿದ್ದೇನೆ. ಅವನು ನಂಬಿದವನಂತೆ ನಟಿಸಿ ನೀರು ತಂದುಕೊಡುತ್ತಾನೆ.

ಮನೆಯಲ್ಲಿ ಹೇಳಬೇಡ. ಹೇಳಿದರೆ ನೀನು ನನ್ನ ಅಕ್ಕನೇ ಅಲ್ಲ.

ನಿನ್ನ ತಮ್ಮ


ಜೂನ್ 6

ತಮ್ಮನಿಗೆ,

ಹೇಳಿದೆ. ನಾನು ನಿನ್ನ ಅಕ್ಕನೇ, ಅದಕ್ಕೇ ಹೇಳಿದೆ.

ನಿನ್ನ ಕಾಗದವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ, ಬರೆಯಲು ಮೂರು ಸಲ ಕೂತದ್ದನ್ನೂ. ಅಮ್ಮ ಅತ್ತಳು. ಅಪ್ಪ ಎದ್ದು ಹೊರಗೆ ಹೋಗಿ, ಸರಿಯಾಗಿಯೇ ಇದ್ದ ಸೈಕಲ್ಲನ್ನು ಬಿಚ್ಚಿ ಹಾಕಿ ಮತ್ತೆ ಜೋಡಿಸಿದ. ಬೆಳಿಗ್ಗೆ ನಾನು ಹೊರಡುವಾಗ ಕೇಳಿದ: "ತಂದೆ ಯಾರು ಅಂತ ಗೊತ್ತಿಲ್ಲದ ಮಗುವಿಗೆ ಏನು ಬರೀತಾರೆ?"

"ತಾಯಿಯ ಜನಾಂಗ ಬರೀತಾರೆ."

"ಹಂಗಾದರೆ ಅದನ್ನೇ ಬರೆಸೋಣ."

ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, "ನನ್ನ ಕೈಯಲ್ಲಿ ಅದನ್ನ ಬರೆಸಬೇಡಿ," ಎಂದಳು. ಅಪ್ಪ, "ನಿನಗೆ ನಾಚಿಕೆ ಆದರೆ ಆಗಲಿ, ನಾಚಿಕೆಯಿಂದ ಯಾರೂ ಸತ್ತಿಲ್ಲ," ಎಂದ. ಅವನು ಹೇಳುತ್ತಾ ಹೋದ, ಅವಳು ಬರೆಯುತ್ತಾ ಹೋದಳು. "ಈ ಮಗನ ತಂದೆಯೆಂದು ನಾನು ಕೊಟ್ಟ ಹೆಸರು ಸುಳ್ಳು. ನಿಜವಾದ ತಂದೆ ಯಾರೆಂದು ನನಗೆ ಗೊತ್ತಿಲ್ಲ." "ಸುಳ್ಳು" ಎಂಬಲ್ಲಿ ಅಮ್ಮ ನಿಲ್ಲಿಸಿದಳು. ಅಪ್ಪ ಆ ಪದವನ್ನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.

ದಾಖಲೆ ಕಚೇರಿಗೆ ಮೂವರೂ ಹೋದೆವು. ಗುಮಾಸ್ತ ಎರಡೆರಡು ಸಲ ಓದಿದ, ಅಮ್ಮನನ್ನು ಮೇಲಿಂದ ಕೆಳಗೆ ನೋಡಿದ, ಪಕ್ಕದ ಮೇಜಿನವನಿಗೂ ತೋರಿಸಿದ. ಆಮೇಲೆ ಅಪ್ಪನ ಕಡೆ ತಿರುಗಿ, "ನೀವು ಆ ಹುಡುಗನಿಗೆ ಏನಾಗಬೇಕು?" ಎಂದು ಕೇಳಿದ.

"ಏನೂ ಆಗಬೇಕಿಲ್ಲ. ಇವರ ಜೊತೆಗೆ ಬಂದೆ," ಎಂದ ಅಪ್ಪ.

ಎದೆ ಮಂಡಳಿ ಹಳೆಯ ಊದನ್ನೇ ಹೊಸ ಜನಾಂಗಕ್ಕೆ ಲೆಕ್ಕ ಹಾಕಿತು. ಈ ಗುಂಡಿಯನ್ನು ನಾನೇ ಒತ್ತಿದೆ. "ರೋಗ ಇದೆ. ಧೂಳು ಕೂಡದು." ಪ್ರಮಾಣಪತ್ರ ಇದರೊಳಗಿದೆ. ಬೈಯಬೇಕೆಂದಿದ್ದರೆ ನನ್ನನ್ನು ಬೈ. ಹರಿದುಹಾಕಬೇಡ. ಅದಕ್ಕೆ ಏನು ಕೊಟ್ಟಿದ್ದೇವೆಂದು ನಿನಗೆ ಗೊತ್ತು.

ಅಕ್ಕ


ಜೂನ್ 25

ಮಗನಿಗೆ,

ನಿನ್ನ ಕಾಗದ ಬಂತು. ಅಮ್ಮನಿಗೆ ತೋರಿಸಲಿಲ್ಲ. ಬೈಗುಳ ಎಲ್ಲ ನಾನು ಕಲಿಸಿದವೇ, ಒಂದೂ ಹೊಸದಿಲ್ಲ. ಬೈಯುವುದಾದರೆ ಬರೆದೇ ಬೈ, ಬಾಯಲ್ಲಿ ಬೇಡ, ಉಸಿರು ಖರ್ಚಾಗುತ್ತದೆ.

ನನ್ನನ್ನು ಕೇಳದೆ ಯಾಕೆ ಮಾಡಿದಿರಿ ಅಂತ ಬರೆದಿದ್ದೀಯ. ಕೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ. ನಾನು ಕಲಿಸಿದ್ದೇ ಹಾಗೆ.

ರಕ್ತ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ. ಈಗಲೂ ಹೇಳುತ್ತೇನೆ. ಆದರೆ ರಕ್ತ ಓಡಾಡುವುದಕ್ಕೆ ಮೊದಲು ಮನುಷ್ಯ ಇರಬೇಕಲ್ಲ.

ಇನ್ನೇನೂ ಇಲ್ಲ. ಆ ಪತ್ರ ಕೊಟ್ಟೆಯಾ ಇಲ್ಲವಾ ಅಷ್ಟು ಬರೆ. ನೋಡಬೇಕು ಅನ್ನಿಸುತ್ತಿದೆ, ಮುಂದಿನ ವಾರ ಅಲ್ಲಿಗೆ ಬರುತ್ತೇನೆ.

ಅಪ್ಪ


ಜುಲೈ 1

ಅಪ್ಪನಿಗೆ,

ಕೊಟ್ಟೆ.

ಈಗ ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಲಾರಿಗಳ ನಂಬರು ಬರೆಯುತ್ತೇನೆ. ಕುರ್ಚಿಗೆ ದಿಂಬು ಇದೆ. ಇಂಥ ಉನ್ನತ ಪದವಿಗೆ ಏರಿದ ನಮ್ಮ ವಂಶದ ಮೊದಲಿಗ ನಾನು ಎಂದು ಬರೆಯಲು ಹೊರಟೆ, ಯಾವ ವಂಶ ಎಂದು ಯೋಚಿಸಿ ನಿಂತೆ.

ಪತ್ರದಲ್ಲಿ ತಂದೆ ಗೊತ್ತಿಲ್ಲ ಎಂದಿದ್ದನ್ನು ಓದಿದ ಮೇಸ್ತ್ರಿ ಎಲ್ಲರೆದುರು, "ಪರವಾಗಿಲ್ವೇ, ನಿಮ್ಮಮ್ಮ ಜೋರಿದ್ದಾಳೆ," ಎಂದ. ನೀನು ಕಲಿಸಿದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಗಡ್ಡ ಮೇಸ್ತ್ರಿಯ ಕಾಲ ಮೇಲೆ ಕಲ್ಲಿನ ಪೆಟ್ಟಿಗೆ ಬೀಳಿಸಿದ. ಕೈ ಜಾರಿತು ಎಂದ.

ನನ್ನ ಬ್ಲೇಡಿಗೆ ಹೊಸಬನನ್ನು ತಂದಿದ್ದಾರೆ. ಹಡಗಿನವನು, ಇಬ್ಬರು ಮಕ್ಕಳ ತಂದೆ. ಎದೆ ಕಬ್ಬಿಣ ಎಂದು ಮೇಸ್ತ್ರಿ ಅವನ ಬೆನ್ನು ತಟ್ಟಿದ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದನ್ನು ತೋರಿಸಿಕೊಟ್ಟೆ. ಅದರಿಂದ ಏನೂ ಆಗುವುದಿಲ್ಲ ಎಂದು ಹೇಳಲಿಲ್ಲ.

ಹೋದ ಉಸಿರು ವಾಪಸು ಬರುವುದಿಲ್ಲವಂತೆ. ಇರುವುದನ್ನು ಕಾಪಾಡಿಕೊಳ್ಳಬೇಕಂತೆ. ಔಷಧ ಕೊಡುತ್ತಿದ್ದಾರೆ.

ಅಪ್ಪ, ಇಲ್ಲಿಗೆ ಬರಬೇಡ. ಮುಂದಿನ ವಾರವಲ್ಲ, ಯಾವ ವಾರವೂ ಬೇಡ. ಕಂಪನಿಯವರು ಈ ಪತ್ರ ಸುಳ್ಳೆಂದು ಮಂಡಳಿಗೆ ತಕರಾರು ಹಾಕಿದ್ದಾರೆ. "ಅಪ್ಪ ಅಂತ ಬರ್ತಿದ್ದನಲ್ಲ, ಅವನೊಮ್ಮೆ ಬರಲಿ, ಆಫೀಸಿನವರು ನೋಡಬೇಕಂತೆ," ಎಂದು ಮೇಸ್ತ್ರಿ ನಗುತ್ತಾ ಹೇಳಿದ. ಅವರಿಗೆ ಯಂತ್ರ ಬೇಕಾಗಿಲ್ಲ. ನಾವಿಬ್ಬರೂ ಪಕ್ಕಪಕ್ಕ ನಿಂತರೆ ಸಾಕು. ಅದೇ ಹಣೆ, ಅದೇ ಹೊರಚಾಚಿದ ಕಿವಿ, ಯೋಚಿಸುವಾಗ ಕತ್ತು ಒಂದು ಕಡೆ ವಾಲಿಸುವುದೂ ಅದೇ. ಕುರುಡನಿಗೂ ಗೊತ್ತಾಗುತ್ತದೆ.

ನಾನೇ ಮನೆಗೆ ಬರುತ್ತೇನೆ. ನಿಲ್ದಾಣಕ್ಕೆ ಬರಬೇಡ, ನಮ್ಮ ಕಾರ್ಖಾನೆಯವರು ಅದೇ ಬಸ್ಸಿನಲ್ಲಿ ಇರುತ್ತಾರೆ. ದಿಬ್ಬದ ದಾರಿಯಲ್ಲಿ ನಾನು ನಿಂತು ನಿಂತು ಹತ್ತುತ್ತಿರುವುದು ನಿನಗೆ ಕಿಟಕಿಯಿಂದ ಕಾಣುತ್ತದೆ. ಕಂಡರೂ ಇಳಿದು ಬರಬೇಡ. ಕೈ ಹಿಡಿಯಲು ಬರಬೇಡ. ನೋಡುತ್ತಿರು, ಬಂದುಬಿಡುತ್ತೇನೆ.

ಓದಿದ ಮೇಲೆ ಇದನ್ನು ಒಲೆಗೆ ಹಾಕು. ಕೊನೆಯಲ್ಲಿ ಬರೆದಿರುವ ಎರಡು ಪದ ಯಾರ ಕೈಗೂ ಸಿಗಬಾರದು.

ನಿನ್ನ ಮಗ